ಡ್ರೈವರಣ್ಣನ ಬಲಗೈ

ಅವರ ಎರಡು ಕೈಗಳಿಗೆ ಎರಡು ವಯಸ್ಸು. ಎಡಗೈ ನಲವತ್ತರ ಗಟ್ಟಿ ಆಳಿನದು. ಬಲಗೈ ಮಾತ್ರ ಅವರ ತಾತನದೇನೋ ಅನ್ನಿಸುತ್ತಿತ್ತು. ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗೆ ಚರ್ಮ ತೆಳ್ಳಗಾಗಿ, ಕಾದ ಹಾಲಿನ ಕೆನೆಯನ್ನು ಚಮಚದಿಂದ ಸರಿಸಿದ ಹಾಗೆ ಸಣ್ಣ ಸಣ್ಣ ನೆರಿಗೆ. ಬಾಗಲೂರಿನಿಂದ ಹೊಸೂರಿನ ಫ್ಯಾಕ್ಟರಿಗೆ ಹೋಗುವ ವ್ಯಾನಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲೇ, ಕಿಟಕಿಗೆ ಅಂಟಿಕೊಂಡು ಕೂರುತ್ತಿದ್ದೆ. ಕಿಟಕಿಯ ಅಂಚಿಗೆ ಒರಗಿದ ಆ ಕೈಯನ್ನು ವರ್ಷಗಟ್ಟಲೆ ನೋಡಿದರೂ ಅದೊಂದೇ ಯಾಕೆ ಹಾಗಾಯಿತೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ನಾವು ಹೆಂಗಸರೆಲ್ಲ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆವು. ಹಿಂದೆ ಲಾರಿ ಓಡಿಸಿದವರು. ಯಾರಾದರೂ ತಡವಾಗಿ ಓಡಿಬಂದರೆ, "ಓಡ್ಬೇಡ ಕಣಮ್ಮ, ನಿನ್ನ ಬುಟ್ಟು ಹೋದ್ರೆ ದಾರಿಯುದ್ದ ನನ್ನ ಬಯ್ಯೋರು ಯಾರು?" ಎನ್ನುವರು. ಅಂಥ ಮಾತುಗಾರನಿಗೆ ಇದ್ದದ್ದು ಒಂದೇ ಭಯ. ಮಗಳಿಗೆ ಅಂಚೆಟ್ಟಿ ಕಡೆಯಿಂದ ಸಂಬಂಧ ಕೂಡಿಬಂದಿತ್ತು. "ಈ ಕೈ ನೋಡಿ ದೊಡ್ಡರೋಗ, ಕುಷ್ಠ ಗಿಷ್ಠ ಅಂದ್ಕಂಡ್ರೆ ನನ್ ಮಗೀನ ಯಾರು ಮಾಡ್ಕತಾರೆ?"

ಕೇಳಿದ್ದೇ ತಡ, ವ್ಯಾನಿನಲ್ಲಿದ್ದವರೆಲ್ಲ ವೈದ್ಯರಾದೆವು. ಒಬ್ಬಳು ಹರಳೆಣ್ಣೆ ಅಂದಳು, ಇನ್ನೊಬ್ಬಳು ಲೋಳೆಸರ. ನಾರಿನಿಂದ ಚೆನ್ನಾಗಿ ಉಜ್ಜಿ ಎಂದಳೊಬ್ಬಳು. ಉಜ್ಜಿದರೆ ಕಿತ್ತೇ ಬರುತ್ತೆ ಎಂದಳು ಮತ್ತೊಬ್ಬಳು. ನಾನೂ ಸುಮ್ಮನಿರದೆ ಕಡಲೆಹಿಟ್ಟು, ಕೆನೆ ಎಂದೆ. ಪುಣ್ಯಾತ್ಮ ಯಾರ ಮಾತನ್ನೂ ತೆಗೆದುಹಾಕದೆ ಎಲ್ಲವನ್ನೂ ಒಟ್ಟಿಗೆ ಮಾಡಿದರು. ಒಂದು ಬೆಳಿಗ್ಗೆ ಹರಳೆಣ್ಣೆಗೆ ಸ್ಟೇರಿಂಗ್ ಜಾರಿ, ವ್ಯಾನು ಗುಲಾಬಿ ತೋಟದ ಬೇಲಿಗೆ ಮೂತಿ ತಾಗಿಸಿ ನಿಂತಿತು. "ನಿಮ್ ಔಷ್ದಿ ಸಾಕು ಕಣ್ರಮ್ಮ, ಕೈ ಜತೆ ನಾವೂ ಹೋಗ್ಬುಡ್ತೀವಿ" ಎಂದು ಕೈಮುಗಿದರು.

ಆಮೇಲೆ ಹೊಸೂರಿನ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದರು. ಇದು ರೋಗವಲ್ಲ, ಕಿಟಕಿಯ ಬಿಸಿಲು. ಆಗಿರುವ ಸುಕ್ಕು ಪೂರ್ತಿ ಹೋಗುವುದಿಲ್ಲ, ಹೆಚ್ಚಾಗದಂತೆ ತುಂಬುತೋಳಿನ ಅಂಗಿ ತೊಡಿ, ಬಿಸಿಲಿಗೆ ಮುಂಚೆ ಸನ್‌ಸ್ಕ್ರೀನ್ ಹಚ್ಚಿ, ಸ್ನಾನವಾದ ಕೂಡಲೇ ಚರ್ಮ ಒಣಗುವ ಮೊದಲೇ ಕ್ರೀಮು ಸವರಿ ಎಂದರಂತೆ. ಇವರು ನಂಬಲಿಲ್ಲ. "ಆ ಸೂರ್ಯಂಗೆ ನನ್ ಬಲಗೈ ಮ್ಯಾಲೆ ಮಾತ್ರ ಯಾಕಮ್ಮ ಹಗೆ?" ಎಂದು ನನ್ನನ್ನೇ ಕೇಳಿದರು. ನನಗೂ ಅದು ನ್ಯಾಯವಾದ ಪ್ರಶ್ನೆಯಾಗಿಯೇ ಕಂಡಿತು.

ಎಲೆಅಡಿಕೆ ಶಾಸ್ತ್ರಕ್ಕೆ ನಮ್ಮನ್ನೂ ಕರೆದಿದ್ದರು. ಡ್ರೈವರಣ್ಣ ತುಂಬುತೋಳಿನ ಅಂಗಿ ತೊಟ್ಟಿದ್ದರು. ಅದೂ ಸಾಲದೆಂದು ಬಲಗೈಯನ್ನು ಶಲ್ಯದೊಳಗೆ ಅಡಗಿಸಿಕೊಂಡಿದ್ದರು. ತಾಂಬೂಲ ಕೊಡುವ ಹೊತ್ತು ಬಂತು. ಗಂಡಿನ ತಂದೆ ಎರಡೂ ಕೈ ಚಾಚಿದರು. ಇವರು ತಟ್ಟೆಯನ್ನು ಎಡಗೈಯಲ್ಲಿ ಎತ್ತಿ ಮುಂದೆ ಹಿಡಿದುಬಿಟ್ಟರು!

"ಎಡಗೈಲಿ ಎಲೆಅಡಿಕೆಯಾ? ನಾವೇನು ತಿರ್ಕಂಡು ತಿನ್ನಾಕೆ ಬಂದಿದ್ದೀವಾ?" ಗಂಡಿನ ತಂದೆ ಎದ್ದೇಬಿಟ್ಟರು. ಅವರ ಕಡೆಯವರೆಲ್ಲ ಚಪ್ಪಲಿ ಹುಡುಕತೊಡಗಿದರು. ಡ್ರೈವರಣ್ಣ ಬಲಗೈಯನ್ನು ಶಲ್ಯದೊಳಗೆ ಇನ್ನಷ್ಟು ಒತ್ತಿಕೊಂಡರು. ಆಗ ಮಗಳು ಬಂದು ಶಲ್ಯ ಕಿತ್ತು, ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ತೋರ್ಸಪ್ಪ, ನೀನೇನು ಕಳ್ತನ ಮಾಡಿದ್ಯಾ?"

ಗಂಡಿನ ತಾಯಿ ಹತ್ತಿರ ಬಂದು ಆ ಕೈಯನ್ನು ತಿರುವಿ ನೋಡಿದರು. ಆಕೆ ತನ್ನ ಎರಡೂ ಕೈಗಳನ್ನು ಅದರ ಪಕ್ಕಕ್ಕೆ ಚಾಚಿದರು. ರಾಗಿ, ನೆಲಗಡಲೆ ಹೊಲಗಳಲ್ಲಿ ಬೆಂದ ಕೈಗಳು, ಅದೇ ನೆರಿಗೆ. "ಬಿಸ್ಲು ಕಣಣ್ಣ ಇದು. ನಿಮ್ಗೆ ಒಂದಾದ್ರೂ ಉಳ್ಕಂಡೈತೆ, ನಂಗೆ ಎರಡೂ ಹೋದ್ವು."

ಯಾರು ಮೊದಲು ನಕ್ಕರೋ ನೆನಪಿಲ್ಲ. ಡ್ರೈವರಣ್ಣ ಕಣ್ಣೊರೆಸಿಕೊಂಡು ಎರಡೂ ಕೈಯಲ್ಲಿ ತಾಂಬೂಲ ಕೊಟ್ಟರು. ಡಾಕ್ಟರಮ್ಮನನ್ನು ನಂಬದವರು ಬೀಗಿತ್ತಿಯನ್ನು ನಂಬಿದರು.

ಮುಂದಿನ ವಾರ ವ್ಯಾನು ಹತ್ತಿದರೆ ನಮ್ಮ ಕಿಟಕಿಗಳಿಗೆಲ್ಲ ಪರದೆ! ಹೆಂಡತಿಯ ಹಳೆಯ ಸೀರೆಗಳನ್ನು ಕತ್ತರಿಸಿ ಕಟ್ಟಿದ್ದರು. ತಮ್ಮ ಕಿಟಕಿಗೆ ಮಾತ್ರ ಇಲ್ಲ. "ನಿಮಗೆ?" ಎಂದೆ. "ಪರದೆ ಕಟ್ಕಂಡ್ರೆ ನಂಗೆ ಕನ್ನಡಿ ಕಾಣ್ತದಾ? ನೀನು ಎಳ್ಕಳಮ್ಮ, ನಿನ್ ಕೈ ಇನ್ನೂ ಚೆನ್ನಾಗೈತೆ" ಎಂದರು. ಅಂಗಿಯ ತೋಳನ್ನೂ ಸೆಖೆಯೆಂದು ಮತ್ತೆ ಮಡಚಿಕೊಂಡರು. ಇಷ್ಟು ತಿಳಿದೂ ಹಾಗೇಕೆ ಮಾಡಿದರೋ, ಇವತ್ತಿಗೂ ನನಗೆ ಅರ್ಥವಾಗಿಲ್ಲ. ನನ್ನ ಎರಡು ಕೈಗಳಿಗೆ ಒಂದೇ ವಯಸ್ಸಾಗಿದ್ದರೆ ಅದು ಅವರ ಋಣ.

ಹೋದ ವರ್ಷ ಎದೆನೋವು ಬಂದು ಡ್ರೈವರಣ್ಣ ತೀರಿಕೊಂಡರು. ಮನೆಯ ಮುಂದೆ ಮಲಗಿಸಿ, ಯಾರೋ ಬಿಳಿ ಬಟ್ಟೆಯನ್ನು ಕತ್ತಿನವರೆಗೆ ಹೊದಿಸಿದ್ದರು. ಬೀಗಿತ್ತಿ ಬಂದವರೇ ಬಲಗೈಯನ್ನು ಈಚೆ ತೆಗೆದಿಟ್ಟರು. "ಇದ್ನ ಮುಚ್ಬೇಡಿ, ದುಡ್ದಿರೋ ಕೈ. ಎಲ್ರೂ ನೋಡ್ಲಿ."

ಹೊತ್ತೇರಿದಂತೆ ಚಪ್ಪರದ ಸಂದಿನಿಂದ ಬಿಸಿಲು ಇಳಿದು, ಸರಿಯಾಗಿ ಆ ಕೈಯ ಮೇಲೆಯೇ ಬಿತ್ತು. ತಲೆಯ ಹತ್ತಿರ ಕೂತಿದ್ದ ಮಗಳು ತಟ್ಟನೆ ಸೆರಗು ಎಳೆದು ಅಡ್ಡ ಹಿಡಿದಳು. ಇನ್ನು ಆ ಕೈಗೆ ಬಿಸಿಲಾದರೇನು, ನೆರಳಾದರೇನು? ಬೇಡ ಎನ್ನಲೋ, ನಾನೂ ಒಂದು ತುದಿ ಹಿಡಿಯಲೋ ತಿಳಿಯದೆ ಸುಮ್ಮನೆ ನಿಂತೆ. ಅವರನ್ನು ಎತ್ತುವವರೆಗೂ ಅವಳು ಸೆರಗು ಇಳಿಸಲಿಲ್ಲ.