ಬೀಳದ ಹಾಲುಹಲ್ಲು

ಮದುವೆಯಾಗಿ ಮೂಡಲಗಿಗೆ ಬಂದ ಮೇಲೂ ಪ್ರಾಣಿಗಳ ಬಾಯಿ ತೆರೆದು ನೋಡುವ ಚಟ ನನಗೆ ಹೋಗಿಲ್ಲ. ತವರೂರು ಮಮದಾಪುರದಲ್ಲಿ ನಮ್ಮದು ಕುರಿ ಸಾಕುವ ಮನೆ. ಹಲ್ಲು ನೋಡಿ ಕುರಿಯ ವಯಸ್ಸು ಹೇಳುವುದನ್ನು ನಾನು ಓದು ಬರಹಕ್ಕಿಂತ ಮೊದಲೇ ಅಪ್ಪನಿಂದ ಕಲಿತಿದ್ದೆ. ಹಾಗಾಗಿ ಹೋದ ವರ್ಷ ನಮ್ಮ ಬೆಕ್ಕಿನ ಮರಿಯ ಬಾಯಲ್ಲಿ ರಕ್ತ ಕಂಡಾಗ ನಾನು ಹೆದರಲಿಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮರಿ ಆಗ ಸಿಕ್ಕಿದ್ದನ್ನೆಲ್ಲ ಕಡಿಯುತ್ತಿತ್ತು. ಅಳತೆ ಟೇಪು ಹೋಯಿತು, ಅತ್ತೆಯ ಚಪ್ಪಲಿಯೂ ಹೋಯಿತು. ಒಂದು ಮುಂಜಾನೆ ಮದುಮಗಳೊಬ್ಬಳ ರೇಷ್ಮೆ ಬ್ಲೌಸಿನ ತೋಳನ್ನೇ ಜಗಿಯುತ್ತ ಕೂತಿತ್ತು. ಬಿಡಿಸಿಕೊಂಡರೆ ಹಳದಿ ಬಟ್ಟೆಯ ಮೇಲೆ ರಕ್ತದ ಕಲೆ.

“ಏನರ ರೋಗ ಹತ್ತೇತಿ ಇದಕ್ಕ. ಕಬ್ಬಿನ ಹೊಲದಾಗ ಬಿಟ್ಟ ಬಾ,” ಎಂದರು ಅತ್ತೆ.

“ರೋಗ ಅಲ್ರಿ ಅತ್ತಿ, ಹಲ್ಲ ಬೀಳಾಕತ್ತಾವು. ಇಲ್ಲೆ ನೋಡ್ರಿ.”

ಮರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ತುಟಿ ಎತ್ತಿದೆ. ಮುಂದಿನ ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲು ಬೆಳ್ಳಗೆ ಇಣುಕುತ್ತಿತ್ತು. ಅತ್ತೆ ನೋಡಿದರು, ಆದರೆ ಒಪ್ಪಲಿಲ್ಲ. ನಾನು ತೋಳನ್ನು ತಣ್ಣೀರಲ್ಲಿ ನೆನೆಸಿ ಕಲೆ ತೆಗೆದೆ.

ಮುಂದೆ ಎಲ್ಲ ಹಲ್ಲೂ ಬದಲಾದವು, ಮೇಲಿನ ಒಂದು ಕೋರೆಹಲ್ಲು ಮಾತ್ರ ಬೀಳಲಿಲ್ಲ. ಅದರ ಪಕ್ಕಕ್ಕೇ ಹೊಸ ಕೋರೆ ಬಂದು ನಿಂತಿತು. ತಾನಾಗಿಯೇ ಬೀಳುತ್ತದೆ ಎಂದು ಕಾದೆ. ಎರಡರ ಸಂದಿಯಲ್ಲಿ ತಿಂದದ್ದು ಸಿಕ್ಕಿ ವಸಡು ಕೆಂಪಾಯಿತು, ಬಾಯಿ ನಾರತೊಡಗಿತು. ಮರಿ ಊಟದ ತಟ್ಟೆಯ ಹತ್ತಿರ ಬಂದು, ಮೂಸಿ, ಹಿಂದೆ ಸರಿಯುತ್ತಿತ್ತು. ಅದನ್ನು ನೋಡಿ ಗೋಕಾಕಕ್ಕೆ ದನದ ಡಾಕ್ಟರ ಹತ್ತಿರ ಹೊರಟೆ.

“ಬೆಕ್ಕಿನ ಹಲ್ಲಿಗೆ ಗೋಕಾಕ ತನಕ ಹೋಗೂದೇನ? ಮಂದಿ ನಗತಾರ,” ಎಂದರು ಅತ್ತೆ.

“ನಗಲ್ರಿ. ನಿಮ್ಮ ದವಡಿ ಹಲ್ಲ ನೋಯೂ ಮುಂದ ನಾವು ನಕ್ಕೇವೇನ್ರಿ?”

ನಾನು ಮರಿಯನ್ನು ಬುಟ್ಟಿಯಲ್ಲಿಟ್ಟು ಮುಚ್ಚಳ ಕಟ್ಟುವಷ್ಟರಲ್ಲಿ ಅತ್ತೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಬುಟ್ಟಿ ಅವರ ತೊಡೆಯ ಮೇಲೇ ಇತ್ತು.

ಡಾಕ್ಟರು ಬಾಯಿ ತೆರೆಸಿ ನೋಡಿದರು. “ಹಾಲಹಲ್ಲ ಉಳದೈತ್ರಿ. ತಗೀಲಿಲ್ಲಂದ್ರ ಹೊಸಾದು ಸೊಟ್ಟ ಆಕ್ಕೈತಿ.”

“ನಾನೂ ಅದನ್ನ ಅಂದ್ಕೊಂಡ ಬಂದೇನ್ರಿ. ತಗೀರಿ,” ಎಂದೆ.

ಮಂಪರು ಬರಲು ಸೂಜಿ ಚುಚ್ಚಿ ಹಲ್ಲು ಕಿತ್ತರು. ಹೊರಗೆ ಕಾಣುತ್ತಿದ್ದುದು ಚೂರು; ಒಳಗಿದ್ದ ಬೇರು ಅದಕ್ಕಿಂತ ಉದ್ದ. ಅತ್ತೆ ಬಗ್ಗಿ ನೋಡಿ, “ಯವ್ವಾ, ಇಷ್ಟು ಹೊಕ್ಕಿತ್ತೇನ ಒಳಗ!” ಎಂದು ತಮ್ಮ ಕೆನ್ನೆ ಹಿಡಿದುಕೊಂಡರು.

ಮನೆಗೆ ಬಂದ ಮೇಲೆ ಮರಿ ಮಂಕಾಗಿ ಮಲಗಿತ್ತು. ಮರುದಿನ ಅತ್ತೆಯೇ ಕುದಿಸಿದ ಕೋಳಿಮಾಂಸವನ್ನು ಸಣ್ಣಗೆ ಹಿಸುಕಿ ಬೆರಳಿನಿಂದ ತಿನ್ನಿಸಿದರು. ಬಾಜೂ ಮನೆಯಾಕೆ ಕಟ್ಟೆಯ ಮೇಲಿಂದ ಇಣುಕಿ ಏನಾಗಿದೆ ಎಂದು ಕೇಳಿದಳು.

“ಹಾಲಹಲ್ಲ ಬಿದ್ದಿರಲಿಲ್ಲ, ತಗಸಿಕೊಂಡ ಬಂದೇವಿ,” ಎಂದರು ಅತ್ತೆ, ತಲೆ ಎತ್ತದೆ. “ನೀನೂ ನಿಮ್ಮ ಬೆಕ್ಕಿನ ಬಾಯಿ ಒಮ್ಮೆ ನೋಡ.”