ಸೇಠನ ಕಾರಿಗೆ ಅಕ್ಕ ಮಾಡಿದ ಪೂಜೆ

ನಾನು ಚಿಕ್ಕವಳಿದ್ದಾಗ ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ನಮ್ಮ ಕೋಣೆಯ ಗೋಡೆಗೆ ಹತ್ತಿಕೊಂಡೇ ಒಂದು ಕಾರು ನಿಲ್ಲುತ್ತಿತ್ತು. ನಿನ್ನೆ ಮ್ಯೂಸಿಯಮ್ಮಿನಲ್ಲಿ ನೋಡಿದಿರಲ್ಲ ಮಕ್ಕಳೇ, ಕಪ್ಪೆಗಣ್ಣಿನಂಥ ದೀಪದ ಕರಿ ಕಾರು, ಅಂಥದ್ದೇ. ನಮ್ಮದಲ್ಲ, ಬಟ್ಟೆ ಅಂಗಡಿಯ ಸೇಠನದು. ಅಪ್ಪ ಅದರ ಡ್ರೈವರ್. ದಿನಾ ಒರೆಸುವವರು ನಾವು, ಕೂರುವವರು ಅವರು. ಒಂದು ವರ್ಷ ಮಾತ್ರ ದಸರೆಯ ಖಂಡೇಪೂಜೆ ಮುಗಿದ ಮೇಲೆ ಹೊಳೆದಂಡೆಯ ದೇವಿ ಗುಡಿಗೆ ಅಪ್ಪ ನಮ್ಮನ್ನು ಕೂರಿಸಿಕೊಂಡು ಹೋಗಲು ಸೇಠ್ ಒಪ್ಪಿದ್ದ. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಬೆಳಿಗ್ಗೆ ಹೊಸ ಪರಕಾರ ಲಂಗ ಉಟ್ಟು ನಿಂತೆ. ಚೆಂಡುಹೂವಿನ ವಾಸನೆ, ಪೆಟ್ರೋಲಿನ ವಾಸನೆ, ಊದುಬತ್ತಿ ಹೊಗೆ. ಎಂಜಿನ್ನಿಗೂ ಕುಂಕುಮ ಹಚ್ಚಬೇಕೆಂದು ಅಪ್ಪ ಬಾನೆಟ್ ಎತ್ತಿಟ್ಟು, ತೆಂಗಿನಕಾಯಿ ತರಲು ಒಳಗೆ ಹೋದ. ಅಷ್ಟರಲ್ಲಿ ಅಕ್ಕ ಒಂದು ತಂಬಿಗೆ ನೀರು ಎಂಜಿನ್ನಿನ ಮೇಲೆ ಸುರಿದೇ ಬಿಟ್ಟಳು.

"ಏನ ಮಾಡಿದ್ಯೇ ಹುಚ್ಚಿ!" ಅಪ್ಪ ಓಡಿಬಂದ.

"ನೀರು ಹಾಕದಽ ದೇವರಿಗೆ ಕುಂಕುಮ ಹಚ್ಚತಾರೇನಪ್ಪಾ?"

ಅಪ್ಪ ಬಟ್ಟೆಯಿಂದ ಒರೆಸಿದ, ಬಾಯಿಂದ ಊದಿದ. ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುವಿದ, ತಿರುವಿದ. ಕಾರು ಕೆಮ್ಮಿ ಸುಮ್ಮನಾಯಿತು. ಕೊನೆಗೆ ಅಪ್ಪ ಸ್ಟೀರಿಂಗ್ ಹಿಡಿದು ಕೂತ; ಅವ್ವ, ಅಕ್ಕ, ನಾನು, ಓಣಿಯವರು ಎಲ್ಲ ಸೇರಿ ನೂಕಿದೆವು. ಕೆಸರು ಹಾರಿ ನನ್ನ ಪರಕಾರಕ್ಕೆ ಬಿತ್ತು. ತಿರುವಿನಲ್ಲಿ ಗುರ್ರ್ ಎಂದು ಎಂಜಿನ್ ಹತ್ತಿಕೊಂಡಿತು. ನಾನು ಓಡಿದೆ. ಅಷ್ಟರಲ್ಲಿ ಸೇಠನ ಆಳು ಬಂದು, ಸಾಹೇಬರು ಈಗಲೇ ಹೊರಡಬೇಕಂತೆ ಎಂದ.

"ಅಪ್ಪಾ, ನಿಲ್ಲಸು!"

"ನಿಲ್ಲಿಸಿದ್ರ ಮತ್ತ ಹತ್ತೂದಿಲ್ಲ" ಎಂದವನೇ ಅಪ್ಪ ಹೊರಟೇ ಹೋದ. ಹಾರ ಹಾಕಿಕೊಂಡ ಕಾರು ಹೋಯಿತು, ಹೊಗೆ ನಮಗೆ ಉಳಿಯಿತು. ಮುಂದಿನ ದಸರೆಗೆ ಸೇಠ್ ಅದನ್ನು ಮಾರಿಬಿಟ್ಟಿದ್ದ. ನಾನು ಅದರಲ್ಲಿ ಒಮ್ಮೆಯೂ ಕೂರಲಿಲ್ಲ. ಈಗಲೂ ನೆನೆಸಿದರೆ ಮೈ ಉರಿಯುತ್ತದೆ.

ನಿನ್ನೆ ಮ್ಯೂಸಿಯಮ್ಮಿನಲ್ಲಿ ಒಂದು ಗಳಿಗೆ ಕೂತು ಏಳುತ್ತೇನಪ್ಪಾ ಎಂದರೆ ಕಾವಲಿನವ, "ಆಜಿ, ಹಾತ್ ಲಾವೂ ನಕಾ" ಎಂದ. ಮುಟ್ಟಬಾರದಂತೆ. ನೂಕುವಾಗ ಯಾರೂ ಹಾಗೆ ಅಂದಿರಲಿಲ್ಲ.

ನಿಮಗೋ, ಮೊಬೈಲಿಗೆ ಬೆರಳು ತಾಗಿಸಿದರೆ ಡೊಂಬಿವಲಿಯ ಬಿಲ್ಡಿಂಗ್ ಬಾಗಿಲಿಗೇ ಕಾರು ಬರುತ್ತದೆ. ಸ್ವಲ್ಪ ತಡವಾದರೆ ಮುಖ ಊದಿಸುತ್ತೀರಿ. ಒಳಗೆ ಕೂತ ಮೇಲೆ ಹೊರಗೆ ಏನಿದೆ ಎಂದು ಒಬ್ಬರೂ ನೋಡುವುದಿಲ್ಲ. ಇನ್ನು ಮೇಲೆ ಕಿಟಕಿ ಪಕ್ಕ ಕೂರುವವಳು ನಾನು. ನೀವು ನಡುವೆ ಕೂತು ಮೊಬೈಲ್ ನೋಡಿಕೊಳ್ಳಿ.