ಬೆರಳಿಗೆ ಬಗ್ಗದ ಫೋನು

ಕಂತಿನಲ್ಲಿ ತೆಗೆದ ಫೋನನ್ನು ಕಂತು ತೀರುವ ಮೊದಲೇ ಮಾರಿ, ಆ ದುಡ್ಡಿನಲ್ಲಿ ಬಟನ್ ಫೋನು ಕೊಡಿಸು ಎಂದು ಅಮ್ಮ ಪಟ್ಟು ಹಿಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಊರಿಗೆ ಊರೇ ಬಟನ್ ಬಿಟ್ಟು ಟಚ್‌ಗೆ ಹೋದರೆ ನಮ್ಮಮ್ಮನದು ಉಲ್ಟಾ ದಾರಿ. ನಾನು ಮಧುಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಅಮ್ಮ ನನ್ನ ಜೊತೆಗೇ ಇದ್ದಾಳೆ, ಆದರೆ ಸುಮ್ಮನೆ ಕೂರುವ ಜೀವವಲ್ಲ. ಹುಣಸೆಹಣ್ಣಿನ ಕಾಲ ಬಂತೆಂದರೆ ಓರಗೆಯ ಹೆಂಗಸರ ಜೊತೆ ಹಣ್ಣು ಕುಟ್ಟಿ ಬೀಜ ಬಿಡಿಸಲು ಹೊರಟುಬಿಡುತ್ತಾಳೆ. ಬೇಡ ಅಂದರೆ ಕೇಳಿದರೆ ತಾನೆ? ಪಾವಗಡದಲ್ಲಿರುವ ನನ್ನ ತಂಗಿಯ ಮುಖ ನೋಡಿಕೊಂಡು ಮಾತಾಡಲಿ ಎಂದೇ ಕೊರಟಗೆರೆಯ ಪರಿಚಯದ ಅಂಗಡಿಯಲ್ಲಿ ಆ ಫೋನು ಕೊಡಿಸಿದ್ದೆ.

ಕೊಡಿಸಿದ ದಿನದಿಂದಲೂ ಅಮ್ಮ ಫೋನು ಎತ್ತಿದ್ದು ಅಷ್ಟರಲ್ಲೇ ಇದೆ. ಕೇಳಿದರೆ, ಅದು ನನ್ನ ಬೆರಳಿಗೆ ಬಗ್ಗಲ್ಲ ಎನ್ನುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಎಷ್ಟು ಸಲ ಆಡಿಕೊಂಡೆನೋ. ಹೀಗೆ ಎಳಿ, ಹೀಗೆ ಒತ್ತು ಎಂದು ಹೇಳಿಕೊಟ್ಟು ಹೇಳಿಕೊಟ್ಟು ಸಾಕಾಯಿತು. ನಾನು ಎಳೆದರೆ ಬರುವುದು ಅವಳು ಎಳೆದರೆ ಯಾಕೆ ಬರುವುದಿಲ್ಲ? ಹಠ, ಇನ್ನೇನು.

ಹೀಗಿರುವಾಗ ತಂಗಿಗೆ ಎರಡನೇ ಹೆರಿಗೆ. ದಿನ ತುಂಬುವ ಮೊದಲೇ ನೋವು ಬಂದಿದೆ. ಗಂಡ ಆಟೋ ತರಲು ಓಡಿದಾಗ ಒಬ್ಬಳೇ ಕೂತು ಅಮ್ಮನಿಗೆ ಮೇಲಿಂದ ಮೇಲೆ ಫೋನು ಮಾಡಿದ್ದಾಳೆ. ಅಮ್ಮ ಎತ್ತಿಲ್ಲ. ದೇವರು ದೊಡ್ಡವನು, ಕೂಸು ಬಾಣಂತಿ ಇಬ್ಬರೂ ಕ್ಷೇಮ. ಆದರೆ ಮಾರನೇ ದಿನ, ಅಮ್ಮ ಯಾಕಕ್ಕ ಎತ್ತಲಿಲ್ಲ ಎಂದು ಅವಳು ಅಳುತ್ತಾ ಕೇಳಿದಾಗ ನನ್ನ ಸಿಟ್ಟೆಲ್ಲ ಬಾಯಿಗೆ ಬಂತು. ಆ ಫೋನು ಬೇಡ ಅಂತ ಹಠ ಕಣೆ, ಬೇಕಂತಲೇ ಎತ್ತಲ್ಲ ಎಂದುಬಿಟ್ಟೆ. ಅಮ್ಮ ಬೆಳ್ಳುಳ್ಳಿ, ತುಪ್ಪ ಕಟ್ಟಿಕೊಂಡು ಪಾವಗಡಕ್ಕೆ ಹೋದರೆ ತಂಗಿ ಗೋಡೆ ಕಡೆ ತಿರುಗಿ ಮಲಗಿದಳೆಂದು ಆಮೇಲೆ ಅವಳ ಗಂಡ ಹೇಳಿದ. ಅಮ್ಮ ಸಂಜೆ ಬಸ್ಸಿಗೇ ವಾಪಸ್ಸು ಬಂದಳು. ಬಂದವಳು ಹೇಳಿದ್ದು ಒಂದೇ ಮಾತು, ಇದನ್ನು ಮಾರು.

ಮಾರುವುದೇನು ಸಲೀಸೇ? ಕಂತು ಬಾಕಿಯಿದ್ದರೆ ಫೈನಾನ್ಸಿನವರು ಕೂತಲ್ಲಿಂದಲೇ ಫೋನು ಲಾಕ್ ಮಾಡುತ್ತಾರೆ, ಆಮೇಲೆ ಕೊಂಡವನು ನನ್ನ ಜುಟ್ಟು ಹಿಡಿಯುತ್ತಾನೆ ಎಂದು ಕೊರಟಗೆರೆಯ ಅಂಗಡಿಯವನು ಕೈ ಅಲ್ಲಾಡಿಸಿದ. ಇದ್ದಬದ್ದದ್ದನ್ನೆಲ್ಲ ಬಳಿದು ಕಂತು ತೀರಿಸಿ, ಬಾಕಿಯಿಲ್ಲವೆಂಬ ಪತ್ರಕ್ಕಾಗಿ ಎರಡು ವಾರ ಅಲೆದೆ. ಮಧುಗಿರಿಯ ಅಂಗಡಿಗಳಲ್ಲಿ ಹೇಳಿದ ಬೆಲೆ ಕೇಳಿದರೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ರಜೆ ಹಾಕಿ ಅಮ್ಮನನ್ನು ಎಳೆದುಕೊಂಡು ಶಿರಾಕ್ಕೆ ಹೊರಟೆ. ದಾರಿಯುದ್ದಕ್ಕೂ ಬೈದೆ. ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಶಿರಾದ ಅಂಗಡಿಯವರು ಗಡ್ಡ ನೆರೆತ ಸಮಾಧಾನದ ಮನುಷ್ಯ. ಪತ್ರ ಓದಿ, ಫೋನನ್ನು ತಿರುಗಿಸಿ ನೋಡಿ, ಸ್ವಲ್ಪ ಲಾಕ್ ತೆಗೆದು ತೋರಿಸಿ ಎಂದು ಅಮ್ಮನ ಮುಂದಿಟ್ಟರು. ಅಮ್ಮ ಬೆರಳು ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಎಳೆದಳು.

"ನೆಟ್ಟಗೆ ಎಳಿಯಮ್ಮ, ಇಲ್ಲೂ ನನ್ ಮಾನ ತೆಗೀಬೇಡ" ಎಂದೆ.

ಅಂಗಡಿಯವರು ನನ್ನನ್ನು ಸುಮ್ಮನಿರಿ ಎಂಬಂತೆ ನೋಡಿ, ಅಮ್ಮನಿಗೆ ಕೈ ತೋರಿಸಲು ಹೇಳಿದರು. ಹೆಬ್ಬೆರಳು, ತೋರುಬೆರಳು ಎರಡೂ ಜಡ್ಡುಗಟ್ಟಿದ್ದವು. ಗೆರೆಗಳೇ ಇರಲಿಲ್ಲ.

"ಹುಣ್ಸೆಣ್ಣು ಬಿಡಿಸ್ತೀರೇನಮ್ಮ? ನಮ್ಮ ಅಮ್ಮೀದೂ ಇದೇ ಕತೆ. ಇಂಥಾ ಬೆರಳ್ಗೆ ಟಚ್ ತಗಳಲ್ಲ. ನಿಮ್ದೇನೂ ತಪ್ಪಿಲ್ಲ ಬುಡಿ."

ಹಾಗಾದರೆ ಆವತ್ತು ತಂಗಿ ಫೋನು ಮಾಡಿದಾಗ, ಎಂದು ಅಮ್ಮನ ಕಡೆ ತಿರುಗಿದೆ.

"ರಿಂಗ್ ಆಗ್ವಾಗ ಅವ್ಳ ಮುಖ ಕಾಣ್ತಿತ್ತು ಕಣೆ" ಎಂದಳು ಅಮ್ಮ. "ಉಜ್ದೆ, ಉಜ್ದೆ. ಸೆರಗಲ್ಲಿ ಬೆರಳು ಒರೆಸ್ಕಂಡು ಉಜ್ದೆ. ಮುಖ ಹಂಗೇ ಹೊಂಟೋಯ್ತು."

ಮೊದಲೇ ಹೇಳಬಾರದಾಗಿತ್ತೇ ಎಂದು ಕೇಳಲು ನನಗೆ ಯಾವ ಬಾಯಿತ್ತು? ಅವಳು ಹೇಳುತ್ತಲೇ ಇದ್ದಳು. ನಾನೊಬ್ಬಳು ದರಿದ್ರದವಳು, ಗಾದೆ ಹೇಳಿಕೊಂಡು ತಿರುಗುತ್ತಿದ್ದೆ. ಅಂಗಡಿಯವರು ಒಳ್ಳೆಯ ಬೆಲೆಗೇ ಫೋನು ತೆಗೆದುಕೊಂಡು, ಬಟನ್ ಫೋನಿಗೆ ಸಿಮ್ ಹಾಕಿ ಅಮ್ಮನ ಕೈಗೆ ಕೊಟ್ಟರು. ತಂಗಿಯ ನಂಬರು ಅಮ್ಮನಿಗೆ ಬಾಯಿಪಾಠ. ಒಂದೊಂದೇ ಗುಂಡಿ ಒತ್ತಿದಳು. ರಿಂಗ್ ಆಗತೊಡಗಿದ ಮೇಲೆ ಫೋನನ್ನು ನನ್ನ ಕೈಗಿಟ್ಟಳು.

"ನೀನೇ ಹೇಳು. ನಾನಾಗ್ಲೇ ಹೇಳಿ ಬಂದೀನಿ, ನೆಪ ಅಂದ್ಲು. ನಿನ್ ಮಾತ್ನ ನಂಬ್ತಾಳೆ."

ಅತ್ತ ತಂಗಿ ಎತ್ತಿದಳು. ಅಮ್ಮನ ನಂಬರು ನೋಡಿಯೇ ಎತ್ತಿದ್ದಳು. ಕೂಸು ಅಳುವುದಷ್ಟೇ ಕೇಳುತ್ತಿತ್ತು.

"ನಾನು ಕಣೆ, ಅಕ್ಕ" ಎಂದೆ. "ಅಮ್ಮ ಬೇಕಂತ ಎತ್ತಲಿಲ್ಲ ಅಂದಿದ್ನಲ್ಲ, ಅದು ನಾನೇ ಕಟ್ಟಿ ಹೇಳಿದ್ದು."